ಲೀಲಕ್ಕೋರ ಕುರ್ವೆಗೆ ಬಾಡಿಗೆ ದೋಣಿ

ಚಾಮರಾಜಪೇಟೆಯ ಮನೆ ಬಾಗಿಲು ಬಿಟ್ಟು ಮತ್ತೆ ಅದೇ ಬಾಗಿಲಿಗೆ ಬಂದು ಸೇರುವ ತನಕ ಇಬ್ಬರಿಗೆ ಖರ್ಚಾದದ್ದು ಆರು ಸಾವಿರದ ಮುನ್ನೂರು ರೂಪಾಯಿ. ಹೋಗಿಬರುವ ಸ್ಲೀಪರ್ ಟಿಕೆಟ್ಟುಗಳಿಗೆ ಸಾವಿರದ ಏಳುನೂರು, ಹೊನ್ನಾವರದಲ್ಲಿ ಸ್ನಾನಕ್ಕೆಂದು ಹಿಡಿದ ಅರ್ಧ ದಿನದ ರೂಮಿಗೆ ಏಳುನೂರು, ಆಟೋ ಮತ್ತು ಊಟ ತಿಂಡಿಗೆ ಸಾವಿರದ ನಾನೂರು, ದೋಣಿಗೆ ಎರಡೂವರೆ ಸಾವಿರ. ದೋಣಿಯದ್ದನ್ನು ನಾನು ಸಾವಿರದ ಆರುನೂರಕ್ಕೆ ಇಳಿಸಿದ್ದೆ. ಮೇಲಿನ ಒಂಬೈನೂರು ಏಕೆ ಕೊಟ್ಟೆ ಎಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಅಕ್ಕಿಪೇಟೆಯಲ್ಲಿ ಪ್ಯಾಕಿಂಗ್ ಸಾಮಾನಿನ ಅಂಗಡಿ ಇಟ್ಟು ಬದುಕಿದವನಿಗೆ ಹೆಚ್ಚಿಗೆ ಕೊಡುವ ಅಭ್ಯಾಸ ಇರುವುದಿಲ್ಲ.

ಹೊರಟದ್ದು ನಮ್ಮ ಅತ್ತೆ ಜಯಲಕ್ಷ್ಮಮ್ಮನವರಿಗಾಗಿ. ಅವರು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದವರು. ಲೀಲಾವತಿ ಎಂಬುವರೂ ಅದೇ ಶಾಲೆಯಲ್ಲಿದ್ದರು; ಸ್ಟಾಫ್ ರೂಮಿನಲ್ಲಿ ಇಬ್ಬರದೂ ಒಂದೇ ಮೇಜು. ಲೀಲಮ್ಮನ ಊರು ಹೊನ್ನಾವರದ ಹತ್ತಿರ ಶರಾವತಿ ನದಿಯ ನಡುವಿನ ಒಂದು ದ್ವೀಪ. ಆ ಕಡೆ ಅಂಥ ದ್ವೀಪಕ್ಕೆ ಕುರ್ವೆ ಎನ್ನುತ್ತಾರೆ. ರಿಟೈರ್ ಆದ ಮೇಲೆ ಅವರು ಅಲ್ಲಿ ತಮ್ಮನ ಮಗನ ಮನೆಗೆ ಹೋಗಿ ನೆಲೆಸಿದರು. ಪ್ರತಿ ಭಾನುವಾರ ಫೋನಿನಲ್ಲಿ ಮಾತು ನಡೆಯುತ್ತಿತ್ತು. ಈಚೆಗೆ ಲೀಲಮ್ಮನ ಕಿವಿ ಹೋಯಿತು, ಮಾತು ನಿಂತಿತು. ಈಗ ಅವರನ್ನು ತಂಗಿಯ ಮಗಳು ಪುಣೆಗೆ ಕರೆದುಕೊಂಡು ಹೋಗುತ್ತಾಳೆ, ಭಾನುವಾರ ಮಧ್ಯಾಹ್ನವೇ ಹೊರಡುತ್ತಾರೆ, ಮತ್ತೆ ಬರುವ ಮಾತಿಲ್ಲ ಎಂದು ಸುದ್ದಿ ಬಂತು.

"ಫೋನಲ್ಲಿ ನನ್ ಮಾತು ಅವಳಿಗೆ ಗಾಳಿ ಬೀಸಿದ ಹಾಗೆ ಕೇಳ್ಸತ್ತಂತೆ," ಎಂದರು ಅತ್ತೆ. "ಎದುರಿಗೆ ಕೂತ್ರೆ ತುಟಿ ನೋಡಿ ತಿಳ್ಕೋತಾಳೆ. ಅವಳು ಹೋಗೋದ್ರೊಳಗೆ ಒಂದ್ಸಲ ಎದುರಿಗೆ ಕೂರಿಸ್ಬಿಡಿ ಅಳಿಯಂದ್ರೇ."

ನನ್ನ ಹೆಂಡತಿಗೆ ದೋಣಿ ಕಂಡರೆ ಆಗದು. ಹಾಗಾಗಿ ನಾನೇ ಹೊರಟೆ.

ಕುರ್ವೆಯ ಮುಂಬದಿಯ ದಡದಲ್ಲಿ ಎತ್ತರದ ಕಲ್ಲಿನ ಮೆಟ್ಟಿಲುಗಳಿವೆ, ಅತ್ತೆಯ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಹಿಂಬದಿಯಲ್ಲಿ, ಉಪ್ಪುನೀರಿನಲ್ಲಿ ಬೇರೂರಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಒಂದು ಕಿರಿದಾದ ಕಾಲುವೆ ಇದೆ, ಅದು ಲೀಲಮ್ಮನ ಹಿತ್ತಿಲಿಗೇ ಹೋಗಿ ಮುಟ್ಟುತ್ತದೆ, ನೆಲಕ್ಕೆ ಸಮನಾಗಿ ಇಳಿಯಬಹುದು. ಇಷ್ಟನ್ನು ತಮ್ಮನ ಮಗ ಗಜಾನನ ಫೋನಿನಲ್ಲಿ ಹೇಳಿ, ಬೆಳಿಗ್ಗೆ ಬೇಗ ಬಂದರೆ ಚಲೋ ಎಂದೂ ಸೇರಿಸಿದ್ದ. ದೋಣಿ ತಾನೇ ಗೊತ್ತು ಮಾಡುತ್ತೇನೆ ಎಂದ. ಮಧ್ಯದವರು ಬಂದರೆ ಕಮಿಷನ್ ಬರುತ್ತದೆ ಎಂದು ನಾನು ಬೇಡವೆಂದೆ. ಬೇಗ ಬನ್ನಿ ಎಂದದ್ದನ್ನು ಉಪಚಾರದ ಮಾತೆಂದು ತಿಳಿದೆ.

ಹೊನ್ನಾವರದಲ್ಲಿ ದಿನದ ಬಾಡಿಗೆಗೆ ದೋಣಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾದೇವ ಎಂಬುವನ ನಂಬರು ಸಿಕ್ಕಿತು. ಅಂಗಡಿಯಿಂದಲೇ ಫೋನ್ ಹಚ್ಚಿದೆ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಬಿಡುವುದಕ್ಕೆ ಮೂರು ಸಾವಿರ ಹೇಳಿದ. ಕಾಲುವೆಯೊಳಗೆ ಹೋಗಿ ನೋಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದ. ಹಾಗಾದರೆ ಉಳಿದ ಹೊತ್ತು ದೋಣಿ ಏನು ಮಾಡುತ್ತದೆ?

"ಕಾಯೂದ್ರಾ. ನೀರು ಇಳಿದು ಮತ್ತೆ ಏರೂ ತನಕ ಕಾಯೂದು," ಎಂದ.

ಬೆಂಗಳೂರಿನಲ್ಲಿ ಆಟೋದವರು ವೇಟಿಂಗ್ ಚಾರ್ಜ್ ಎಂದು ಹೇಳುವುದನ್ನು ಕೇಳಿ ಕೇಳಿ ನನಗೆ ಆ ಮಾತು ಕಿವಿಗೆ ಬಿದ್ದೊಡನೆ ಕೈ ಅಡ್ಡ ಹೋಗುತ್ತದೆ. ಹತ್ತಕ್ಕೆ ಹತ್ತುತ್ತೇವೆ, ಒಂದಕ್ಕೆ ಇಳಿಯುತ್ತೇವೆ, ಮೂರು ಗಂಟೆಗೆ ಸಾವಿರದ ಆರುನೂರು ಎಂದೆ. ಹತ್ತಕ್ಕೆ ನೀರು ಕಡಿಮೆ ಇರುತ್ತದೆ, ಹೋದಷ್ಟು ಹೋಗುವುದು ಎಂದ. ಆಯಿತು ಎಂದೆ. ಎಲ್ಲಿಗೆ, ಯಾರನ್ನು ನೋಡಲು ಎಂದು ಹೇಳಲಿಲ್ಲ. ಸುಮ್ಮನೆ ನದಿ ನೋಡಿಕೊಂಡು ಬರುವುದಕ್ಕೆ ಎಂದೆ. ಕೊಳ್ಳುವವನು ತನ್ನ ಅಗತ್ಯವನ್ನು ಬಾಯಿ ಬಿಟ್ಟು ಹೇಳಿದರೆ ರೇಟು ಏರುತ್ತದೆ, ಇದು ಪೇಟೆಯ ಮೊದಲನೆಯ ಪಾಠ. ಅತ್ತೆಗೂ ದೋಣಿಯಲ್ಲಿ ಮಾತಾಡಬೇಡಿ ಎಂದು ಹೇಳಿಟ್ಟೆ.

ಶನಿವಾರ ಸಂಜೆಯ ರೈಲು ಹತ್ತಿದೆವು. ಅತ್ತೆ ವಿಶ್ವೇಶ್ವರಪುರಂನಿಂದ ಅವರೆಬೇಳೆ ಮಿಕ್ಸ್ಚರ್ ಒಂದು ಕೆಜಿ ತರಿಸಿದ್ದರು. ಪುಣೆಯಲ್ಲಿ ಇದು ಸಿಗುವುದಿಲ್ಲವಂತೆ. ಬೆಳಿಗ್ಗೆ ಹೊನ್ನಾವರದಲ್ಲಿ ಇಳಿದಾಗ ಹವೆ ತಂಪಾಗಿತ್ತು. ರೂಮಿನಲ್ಲಿ ಬಿಸಿನೀರು ಧಾರಾಳವಾಗಿ ಬಂತು. ಪಕ್ಕದ ಹೋಟೆಲಿನಲ್ಲಿ ಬಾಳೆಹಣ್ಣು ಕಲಸಿ ಕರಿದ ಬನ್ಸು, ಅವಲಕ್ಕಿ, ಚಹಾ. ಇಬ್ಬರಿಗೂ ಸೇರಿ ನೂರಾ ಹತ್ತು. ಬನ್ಸು ಬಿಸಿ ಇದ್ದರೆ ಮಾತ್ರ ತಿನ್ನಿ, ಆರಿದರೆ ಎಣ್ಣೆ ಹತ್ತುತ್ತದೆ.

ಹತ್ತಕ್ಕೆ ದಡದಲ್ಲಿದ್ದೆವು. ಮಾದೇವನಿಗೆ ಐವತ್ತರ ಆಸುಪಾಸು, ಮಾತಿನ ಮನುಷ್ಯ. ಆರು ಜನ ಕೂರುವ ದೋಣಿ, ಹಿಂದೆ ಸಣ್ಣ ಮಷಿನ್ನು. ದೊಡ್ಡ ಹೊಳೆಯಲ್ಲಿ ಹಾಯಾಗಿ ಸಾಗಿತು. ಅವನು ಬೆಳ್ಳಕ್ಕಿ ತೋರಿಸಿದ, ರೈಲು ಸೇತುವೆ ತೋರಿಸಿದ, ಎಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಹೇಳಿದ. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಕಾಲುವೆಯ ಬಾಯಿಗೆ ಬಂದಾಗ ಮಷಿನ್ನು ಎತ್ತಿ ಬಿದಿರಿನ ಗಳ ಹಿಡಿದ. ಎರಡೂ ಕಡೆ ಕಾಂಡ್ಲಾ ಬೇರುಗಳು ಮೊಣಕಾಲುದ್ದ ಹೊರಗೆ ಬಂದು ನಿಂತಿದ್ದವು. ಇಲ್ಲಿಗೆ ಸಾಕು, ತಿರುಗಿಸೋಣವೇ ಎಂದು ಕೇಳಿದ. ಇನ್ನೂ ಒಳಗೆ ಎಂದೆ. ಎರಡು ತಿರುವು ದಾಟಿದ ಮೇಲೆ ದೋಣಿಯ ತಳ ಕೆಸರಿಗೆ ಉಜ್ಜಿತು. ಅವನು ಗಳ ಊರಿ ನೂಕಿದ, ನಾನೂ ನೂಕಿದೆ. ಗಳ ಮಾತ್ರ ಕೆಸರಿನೊಳಗೆ ಹೋಯಿತು.

ಮಾದೇವ ಗಾಬರಿಯಾಗಲಿಲ್ಲ. ಇನ್ನು ಸಮುದ್ರ ಉಕ್ಕಿ ನೀರು ಏರಿ ಬರುವ ತನಕ ಕೂರಬೇಕು, ಮಧ್ಯಾಹ್ನ ಎರಡು ಗಂಟೆ ದಾಟಬಹುದು ಎಂದ. ತಾನೂ ತಪ್ಪು ಎಣಿಸಿದೆ, ಇನ್ನೊಂದು ತಿರುವಿನ ತನಕ ಹೋಗಬಹುದು ಅಂದುಕೊಂಡಿದ್ದೆ ಎಂದೂ ಹೇಳಿದ. ಬೀಡಿ ಹಚ್ಚಿ, ಇನ್ನು ಹಕ್ಕಿ ನೋಡುತ್ತ ಕೂತರೆ ಆಯಿತು ಎಂದು ಸಮಾಧಾನ ಹೇಳಿದ.

ಅತ್ತೆ ಆಗ ಬಾಯಿ ಬಿಟ್ಟರು. "ನನಗೆ ಹಕ್ಕಿ ಬೇಡಪ್ಪಾ. ಲೀಲಾ ಮನೆಗೆ ಹೋಗ್ಬೇಕಿತ್ತು. ಒಂದು ಗಂಟೆಗೆ ಅವಳು ಮನೆ ಬಿಡ್ತಾಳೆ."

ಮಾದೇವ ಬೀಡಿ ಆರಿಸಿದ. "ಲೀಲಕ್ಕೋರ ಮನಿಗಾ?" ಎಂದ. ಅಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ನನ್ನ ಕಡೆ ತಿರುಗಿ, "ಸರ್, ಅದನ್ನ ಫೋನಲ್ಲೇ ಹೇಳೂಕೆ ಏನಾಗಿತ್ರಾ? ನಾನು ಏಳಕ್ಕೇ ಹೊತ್ಕಂಡು ಬಂದಾದ್ರೂ ಮುಟ್ಸ್ತಿದ್ದೆ," ಎಂದ.

"ಇವ್ರು ಚೌಕಾಶಿ ಮಾಡೋವಾಗ ಸತ್ಯ ಹೇಳಲ್ಲ," ಎಂದರು ಅತ್ತೆ. ಕೋಪವಿರಲಿಲ್ಲ, ಇದ್ದದ್ದನ್ನು ಹೇಳುವ ಹಾಗೆ ಹೇಳಿದರು. ಮನೆ ಇನ್ನೂ ನಾಲ್ಕು ತಿರುವು ಆಚೆಗಿತ್ತು. ಇಳಿದು ನಡೆಯೋಣವೆಂದರೆ ಕೆಸರು ಸೊಂಟದ ತನಕ.

ಮಾದೇವ ಗಜಾನನನಿಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ತಿರುವಿನಾಚೆಯಿಂದ ಒಂದು ಪಾತಿ ಬಂತು. ಪಾತಿ ಎಂದರೆ ಸಪೂರ ದೋಣಿ, ಅಂಗೈ ಆಳದ ನೀರಿದ್ದರೂ ಜಾರುತ್ತದೆ, ಆದರೆ ಇಬ್ಬರ ಮೇಲೆ ಮೂರನೆಯವರು ಹತ್ತುವ ಹಾಗಿಲ್ಲ. ಗಜಾನನ ಹಿಂದೆ ನಿಂತು ನೂಕುತ್ತಿದ್ದ. ಮುಂದೆ ಪ್ರಯಾಣಕ್ಕೆಂದು ಉಟ್ಟ ಹೊಸ ಸೀರೆಯಲ್ಲಿ ಲೀಲಮ್ಮ ಕೂತಿದ್ದರು. ಮಂಡಿ ಬಾರದ ಅತ್ತೆಯನ್ನು ಪಾತಿಗೆ ಇಳಿಸಿ ಮನೆಗೆ ಒಯ್ಯುವಂತಿಲ್ಲ ಎಂದು ಗೊತ್ತಾಗಿ ಅವರೇ ಹೊರಟು ಬಂದಿದ್ದರು. ಕೇಳದವರ ಗಟ್ಟಿ ದನಿಯಲ್ಲಿ ಅವರು ಆಡಿದ ಮೊದಲ ಮಾತು, "ಜಯಾ, ಯಾವತ್ತು ಪ್ರೇಯರ್‌ಗೆ ಟೈಮಿಗೆ ಬಂದಿದೀಯ ನೀನು?"

ಎರಡು ದೋಣಿಗಳನ್ನು ಪಕ್ಕಪಕ್ಕ ಹಗ್ಗದಿಂದ ಕಟ್ಟಿದೆವು. ಇಬ್ಬರೂ ಎದುರುಬದುರು ಕೂತರು. ಬಿಸಿಲು ಅತ್ತೆಯ ಬೆನ್ನಿಗಿತ್ತು. ಮುಖ ಕಪ್ಪಗೆ ಕಾಣುತ್ತದೆ, ತುಟಿ ತಿಳಿಯುವುದಿಲ್ಲ ಎಂದು ಲೀಲಮ್ಮ ಹೇಳಿದರು. ಕಟ್ಟು ಬಿಚ್ಚಿ ಪಾತಿಯನ್ನು ಇನ್ನೊಂದು ಮಗ್ಗುಲಿಗೆ ತಂದು, ಅತ್ತೆಯನ್ನು ತಿರುಗಿಸಿ ಕೂರಿಸಿದೆವು. ಈಗ ಬಿಸಿಲು ನೇರ ಅತ್ತೆಯ ಮುಖಕ್ಕೆ. ನಾನು ಛತ್ರಿ ಬಿಚ್ಚಿದೆ, ಅತ್ತೆಯೇ ಅದನ್ನು ಪಕ್ಕಕ್ಕೆ ತಳ್ಳಿದರು.

ನಾವು ಮೂವರು ಗಂಡಸರು ದೋಣಿಯ ತುದಿಗೆ ಸರಿದೆವು. ಜಾಗವೇ ಅಷ್ಟು, ಕೇಳಿಸದಿರುವುದು ಸಾಧ್ಯವಿರಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಅತ್ತೆ ದನಿ ತೆಗೆಯುವುದನ್ನೇ ಬಿಟ್ಟರು. ಬರೀ ತುಟಿ ಆಡಿಸುತ್ತಿದ್ದರು. ಲೀಲಮ್ಮನಿಗೆ ಅಷ್ಟೇ ಸಾಕಾಗಿತ್ತು. ನಮಗೆ ಒಂದು ಕಡೆಯ ಮಾತು ಮಾತ್ರ ಕೇಳುತ್ತಿತ್ತು, ಅದೂ ಕಾಲುವೆಗೆಲ್ಲ ಕೇಳುವಷ್ಟು. ಹೌದು, ಅವನಿಗೆ ಈಗ ಮೊಮ್ಮಕ್ಕಳು. ಇಲ್ಲ, ಆ ಹೆಡ್ಮಿಸ್ ಕಾಗದ ಬರೆಯಲೇ ಇಲ್ಲ. ಅದು ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ದೆಯಾ? ಏನು ಎಂಬುದು ನನಗೆ ಇವತ್ತಿಗೂ ತಿಳಿಯದು. ಮಿಕ್ಸ್ಚರ್ ಪೊಟ್ಟಣ ಅತ್ತಿತ್ತ ಓಡಾಡಿ ನಮ್ಮ ತನಕವೂ ಬಂತು.

ಗಜಾನನ ಗಡಿಯಾರ ನೋಡಿ ಅತ್ತೆಯ ಭುಜ ಮುಟ್ಟಿದ. ಅತ್ತೆ ಏನೋ ಹೇಳಹೋದರು, ತುಟಿ ನಡುಗಿತು. ಲೀಲಮ್ಮ ಮುಂದೆ ಬಾಗಿ ಅವರ ಗಲ್ಲ ಹಿಡಿದರು.

"ಅತ್ರೆ ತುಟಿ ಸೊಟ್ಟ ಆಗತ್ತೆ, ಏನ್ ಹೇಳ್ತಿದೀಯ ಅಂತ ಗೊತ್ತಾಗಲ್ಲ. ಮೊದ್ಲು ಹೇಳು ಜಯಾ. ಆಮೇಲೆ ಅಳು."

ಅತ್ತೆ ಕಣ್ಣೊರೆಸಿಕೊಂಡು ನಿಧಾನವಾಗಿ ಹೇಳಿದರು. ಲೀಲಮ್ಮ ತಲೆಯಾಡಿಸಿದರು. ಇದೊಂದಕ್ಕೆ ಅವರೂ ದನಿ ತೆಗೆಯದೆ ಉತ್ತರ ಕೊಟ್ಟರು. ಗಜಾನನ ಹಗ್ಗ ಬಿಚ್ಚಿದ. ಪಾತಿ ತಿರುವಿನಲ್ಲಿ ಮರೆಯಾದ ಮೇಲೂ ನಮ್ಮ ದೋಣಿ ಬಹಳ ಹೊತ್ತು ಕೆಸರಿನಲ್ಲೇ ಇತ್ತು. ನೀರು ಬೇರುಗಳ ಬುಡದಿಂದ ಸದ್ದಿಲ್ಲದೆ ಏರಿ ಬಂದು ಎತ್ತಿಕೊಂಡಿತು.

ದಡಕ್ಕೆ ಬಂದಾಗ ನಾಲ್ಕಾಗಿತ್ತು. ಮಾದೇವ ಒಪ್ಪಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ಮೂರು ಗಂಟೆಯ ದೋಣಿಯನ್ನು ಆರು ಗಂಟೆ ಇಟ್ಟುಕೊಂಡವನು ನಾನು, ಒಂಬೈನೂರು ಸೇರಿಸಿ ಕೊಟ್ಟೆ. ಎರಡರಷ್ಟು ಕೊಡಲಿಲ್ಲ, ಸಿಕ್ಕಿಹಾಕಿಸಿದ್ದರಲ್ಲಿ ಅವನದೂ ಪಾಲಿತ್ತು. ಸಂಜೆಯ ರೈಲಿನಲ್ಲಿ ಅತ್ತೆ ಬೇಗ ಮಲಗಿದರು.

ನೀವು ಹೋಗುವುದಾದರೆ, ರೈಲಿನ ಟಿಕೆಟ್ಟಿಗೂ ಮೊದಲು ದೋಣಿಯವನಿಗೆ ಫೋನ್ ಮಾಡಿ ಆ ದಿನ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಕೇಳಿ. ಅದು ದಿನ ದಿನವೂ ಮುಂದಕ್ಕೆ ಸರಿಯುತ್ತದೆ, ಹೋದ ವಾರದ ಲೆಕ್ಕ ಈ ವಾರಕ್ಕೆ ಬಾರದು. ಎಲ್ಲಿಗೆ, ಯಾರಿಗಾಗಿ ಎಂಬುದನ್ನು ಮೊದಲು ಹೇಳಿ, ಆಮೇಲೆ ರೇಟಿಗೆ ಕೂರಿ. ಆಗಲೂ ಐನೂರು ಇಳಿಯುತ್ತದೆ, ನಾನು ಬೇರೆಯವರ ಹತ್ತಿರ ವಿಚಾರಿಸಿದ್ದೇನೆ. ಕಾಯುವ ದುಡ್ಡಿಗೆ ಕೈ ಹಾಕಬೇಡಿ. ಕುಡಿಯುವ ನೀರು ಇಬ್ಬರಿಗೆ ನಾಲ್ಕು ಲೀಟರ್ ಇರಲಿ. ಕಿವಿ ಕೇಳದವರನ್ನು ನೋಡಲು ಹೊರಟಿದ್ದರೆ ಟೋಪಿ, ಛತ್ರಿ ಮನೆಯಲ್ಲೇ ಬಿಟ್ಟು ಬಿಸಿಲಿಗೆ ಮುಖ ಮಾಡಿ ಕೂರಿ. ಮೂಗಿನ ಮೇಲಿನ ಚರ್ಮ ಒಂದು ವಾರ ಸುಲಿಯುತ್ತದೆ, ಕೊಬ್ಬರಿ ಎಣ್ಣೆ ಸಾಕು.