ಸಮುದ್ರದ ಊರಿನಲ್ಲಿ ಅತ್ತೆ ಹೂಡಿದ ಒಲೆ

ನನ್ನ ಅತ್ತೆ ನಡುವಯಸ್ಸಿನಲ್ಲೇ ಒಂದು ನೇಮ ಹಿಡಿದಿದ್ದರು. ಹೊರಗಿನವರು ಮಾಡಿದ ಅಡುಗೆ ಉಣ್ಣುತ್ತಿರಲಿಲ್ಲ, ಸೋಸದ ನೀರು ಕುಡಿಯುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ಕಾಳೂ ಹಾಕುತ್ತಿರಲಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿಯಂಥ ಗಡ್ಡೆಗಳು ಅವರ ಒಲೆ ಹತ್ತುತ್ತಿರಲಿಲ್ಲ. ಏಕಸಂಬಿಯ ಹತ್ತಿರ ನಮ್ಮದು ಒಕ್ಕಲುತನದ ಜೈನ ಮನೆ, ಆ ಕಡೆ ಇಂಥ ನೇಮದವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ನನ್ನ ತವರು ಅಥಣಿ ತಾಲೂಕಿನ ಅನಂತಪುರ. ಅದೂ ಜೈನ ಮನೆಯೇ, ಆದರೆ ನಮ್ಮವ್ವ ಮಳೆ ಬಂದರೆ ಉಳ್ಳಾಗಡ್ಡಿ ಭಜಿ ಕರಿಯುತ್ತಿದ್ದಳು. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅತ್ತೆಯ ಅಡುಗೆಮನೆಗೆ ಕಾಲಿಡಲು ಅಂಜಿಕೆಯಿತ್ತು.

ಈ ನೇಮದಿಂದಾಗಿ ನಮ್ಮ ಮನೆಯವರು ಎಲ್ಲಿಗೂ ಹೋಗಿ ನಾಲ್ಕು ದಿನ ಇದ್ದು ಬಂದವರಲ್ಲ. ಮಾವನವರು ಇದ್ದಾಗ ತೀರ್ಥಕ್ಷೇತ್ರಗಳಿಗೆ ಹೋಗಿದ್ದರಂತೆ. ಅಲ್ಲಿಯ ಧರ್ಮಶಾಲೆಗಳಲ್ಲಿ ಅಡುಗೆಗೆ ಬೇರೆ ಜಾಗ ಇರುತ್ತಿತ್ತು. ಬರೀ ನೋಡಿ ಬರಲು, ಸುಮ್ಮನೆ ಕೂತು ಬರಲು ಹೋಗುವುದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ, ನನ್ನ ಯಜಮಾನರು ನಿಪ್ಪಾಣಿಯಲ್ಲಿ ಬ್ಯಾಂಕಿನ ನೌಕರರು. ಮೇ ತಿಂಗಳ ಸೂಟಿ ಬಂದಾಗಲೆಲ್ಲ ಮಗಳು ಸಮುದ್ರ ನೋಡಬೇಕು ಎಂದು ಹಟ ಹಿಡಿಯುತ್ತಿದ್ದಳು. ಅತ್ತೆಯದು ಪ್ರತಿ ವರ್ಷ ಒಂದೇ ಮಾತು: "ನೀವ್ ಹೋಗಿ ಬರ್ರಿ. ನಾ ಮನಿ ಕಾಯ್ಕೊಂಡ ಇರ್ತೀನಿ." ಅವರನ್ನು ಬಿಟ್ಟು ಹೋಗಲು ಯಜಮಾನರಿಗೆ ಮನಸ್ಸಾಗುತ್ತಿರಲಿಲ್ಲ.

ಮಗಳಿಗೆ ಎಂಟು ತುಂಬಿದ ವರ್ಷ, ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ನಮ್ಮ ಶಾಲೆಯ ಒಬ್ಬ ಟೀಚರು ಮಹಾರಾಷ್ಟ್ರದ ಸಮುದ್ರದ ದಂಡೆಯ ವೆಂಗುರ್ಲಾದ ಹತ್ತಿರ ಒಂದು ಮನೆಯ ಸುದ್ದಿ ಹೇಳಿದರು. ಮನೆಯ ಮಾಲೀಕರು ಮುಂಬಯಿಯಲ್ಲಿರುತ್ತಾರೆ, ಸೂಟಿಯಲ್ಲಿ ಬರುವವರಿಗೆ ಎರಡು ಕೋಣೆ ಕೊಡುತ್ತಾರೆ, ಅಡುಗೆಮನೆಯೂ ಇದೆ, ನಾವೇ ಮಾಡಿಕೊಂಡು ಉಣ್ಣಬಹುದು. ಅಂದು ಸಂಜೆ ನಾನು ಅತ್ತೆಯ ಮುಂದೆ ಈ ಮಾತು ತೆಗೆದೆ. ಅವರು ಹೆಸರುಕಾಳು ಆರಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

"ಬಾವಿ ಐತೇನು?"

"ಐತಂತ್ರಿ."

"ಅಡಗಿಮನಿ ನಮಗ ಅಷ್ಟನೋ, ಮತ್ತ್ಯಾರಾದ್ರೂ ಬರ್ತಾರೋ?"

"ನಮಗಷ್ಟರಿ."

"ಅಲ್ಲಿ ಹೊತ್ತ ಮುಳಗೂದು ಎಷ್ಟಕ್ಕ?"

ಕೇಳಿ ಹೇಳುತ್ತೇನೆ ಎಂದೆ. ಅತ್ತೆ ಮೊರವನ್ನು ಕೆಳಗಿಟ್ಟು, "ಹಂಗಾರ ನೋಡೂನು" ಎಂದರು. ಅವರ ಬಾಯಲ್ಲಿ "ನೋಡೂನು" ಎಂದರೆ ಹೂಂ ಎಂದೇ ಅರ್ಥ.

ಹೊರಡುವ ಮುಂಚಿನ ನಾಲ್ಕು ದಿನ ಅವರ ತಯಾರಿ ನೋಡಿ ನಾನು ದಂಗಾದೆ. ಅಕ್ಕಿ, ಹೆಸರುಬೇಳೆ ತೊಳೆದು ಬಿಸಿಲಿಗೆ ಒಣಹಾಕಿ, ಒಂದೊಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟನ್ನೇ ಅಳೆದು, ಹಳೆಯ ಜಂಪರಿನ ಬಟ್ಟೆಯಲ್ಲಿ ಹೊಲಿದ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿದರು. ಜೋಳದ ಹಿಟ್ಟನ್ನು ಹೊರಡುವ ಹಿಂದಿನ ದಿನ ಬೀಸಿಸಿ ತಂದರು, ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ ಎಂದು. ಬಳ್ಳೊಳ್ಳಿ ಹಾಕದ ಶೇಂಗಾ ಚಟ್ನಿ, ಅಗಸಿ ಚಟ್ನಿ, ನಾಲ್ಕು ಡಜನ್ ಒಣಗಿಸಿದ ಕಟಕ ರೊಟ್ಟಿ, ಒಂದು ಬಾಟಲಿ ನೀರುಬೆಲ್ಲದ ಕಾಕಂಬಿ, ಮಗಳಿಗೆಂದು ಶೇಂಗಾ ಹೋಳಿಗೆ. ಇವೆಲ್ಲದರ ಜೊತೆ ಹಂಚು, ಪರಾತ, ಎರಡು ತಾಮ್ರದ ಬಿಂದಿಗೆ, ಒಂದು ಹಗ್ಗ, ನೀರು ಸೋಸುವ ದಪ್ಪನೆಯ ಬಿಳಿ ಬಟ್ಟೆ.

"ಅವ್ವಾ, ಈ ಸಾಮಾನ ನೋಡಿದ ಮಂದಿ ನಾವ್ ಊರು ಬಿಟ್ಟ ಹೊಂಟೇವಂತ ತಿಳ್ಕೊತಾರ" ಎಂದರು ಯಜಮಾನರು.

"ತಿಳ್ಕೊಳ್ಳಲಿ. ಎಂಟ ದಿನಕ್ಕ ತಿರಗಿ ಬಂದಿಂದ ಗೊತ್ತಾಗ್ತೈತಿ" ಎಂದು ಅವರು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿದರು.

ಬೆಳಿಗ್ಗೆ ಆರಕ್ಕೆ ಕಾರು ಹೊರಟಿತು. ನಿಪ್ಪಾಣಿ ದಾಟಿ ಆಜರಾ ಹತ್ತಿರ ಒಂದು ಮರದ ಕೆಳಗೆ ರೊಟ್ಟಿ ಬಿಚ್ಚಿ ಉಂಡೆವು. ಅತ್ತೆಯದು ದಿನಕ್ಕೆ ಎರಡೇ ಊಟ, ಒಂದು ಅಲ್ಲಿಗೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ವೆಂಗುರ್ಲಾ ಸೇರಬೇಕಿತ್ತು. ಆದರೆ ಆಂಬೋಲಿ ಘಟ್ಟ ಇಳಿಯುವಾಗ ಕಾರಿನ ಬ್ರೇಕು ಕೈಕೊಟ್ಟಿತು. ಪುಣ್ಯಕ್ಕೆ ಇಳಿಜಾರು ಕಡಿಮೆಯಿದ್ದ ಜಾಗ. ಯಜಮಾನರು ಮೋಟರ್‌ಸೈಕಲ್ಲಿನವನೊಬ್ಬನ ಹಿಂದೆ ಕೂತು ಹೋಗಿ ಮೆಕ್ಯಾನಿಕ್ಕನ್ನು ಕರೆತಂದು ರಿಪೇರಿ ಮಾಡಿಸುವಷ್ಟರಲ್ಲಿ ನಾಲ್ಕು ತಾಸು ಹೋದವು. ಆ ನಾಲ್ಕು ತಾಸೂ ಅತ್ತೆ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಗೆ ಕತೆ ಹೇಳಿದರು. ಎಷ್ಟು ಹೊತ್ತಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಗಡಿಯಾರ ನೋಡುತ್ತಿದ್ದವಳು ನಾನು.

ಮನೆ ತಲುಪಿದಾಗ ಆರು ಹೊಡೆಯಲು ಹತ್ತು ನಿಮಿಷ. ಏಳರ ಒಳಗೆ ಸೂರ್ಯ ಮುಳುಗುತ್ತಾನೆಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಮನೆ ನೋಡಿಕೊಳ್ಳುವ ಹೆಂಗಸು ಹಿತ್ತಲಿನ ಆಚೆಯ ಸಣ್ಣ ಮನೆಯಿಂದ ಕೀಲಿಕೈ ತಂದಳು. ನಲವತ್ತರ ವಯಸ್ಸು, ಸೊಂಟಕ್ಕೆ ಸೀರೆ ಬಿಗಿದು ಸಿಕ್ಕಿಸಿದ್ದಳು. ಅಡುಗೆಮನೆಯ ಬಾಗಿಲು ತೆರೆದ ಕೂಡಲೇ ಮೀನಿನ ವಾಸನೆ ಮುಖಕ್ಕೆ ಬಡಿಯಿತು. ಹಿಂದಿನ ದಿನವಷ್ಟೇ ಬಿಟ್ಟುಹೋದವರು ಮೀನು ಕರಿದಿದ್ದರು. ಗ್ಯಾಸಿನ ಒಲೆ, ಕಟ್ಟೆ, ಗೋಡೆ, ಎಲ್ಲ ಎಣ್ಣೆ. ಅವಳ ತಪ್ಪಲ್ಲ, ಸಮುದ್ರದ ಊರಿನಲ್ಲಿ ಮೀನು ಕರಿಯದೆ ಮತ್ತೇನು ಮಾಡುತ್ತಾರೆ. ಇದನ್ನು ಮೊದಲೇ ಯೋಚಿಸದ ತಪ್ಪು ನನ್ನದು. ಅಡುಗೆಮನೆ ಇದೆ ಎಂದು ಕೇಳಿಯೇ ನಾನು ಹಿಗ್ಗಿದ್ದೆ.

ಅತ್ತೆ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಹಿಂದಕ್ಕೆ ಸರಿದು ಹೊರಗೆ ಬಂದರು. ನನಗೆ ಕಣ್ಣಲ್ಲಿ ನೀರು ಬರುವಂತಾಯಿತು.

"ಅವ್ವಾರ, ನಂದ ತಪ್ಪಾತ್ರಿ. ಬ್ಯಾರೆ ಕಡೆ ಎಲ್ಲ್ಯಾರ ನೋಡೂನು?"

"ಈಗ ಎಲ್ಲಿ ನೋಡ್ತೀ. ತಡಿ" ಎಂದು ಅವರು ಆ ಹೆಂಗಸಿನ ಕಡೆ ತಿರುಗಿ, ನಿಪ್ಪಾಣಿ ಸಂತೆಯಲ್ಲಿ ಕಲಿತ ತಮ್ಮ ಮರಾಠಿಯಲ್ಲಿ ಕೇಳಿದರು. ಅಂಗಳದಲ್ಲಿ ಮೂರು ಕಲ್ಲು ಸಿಗುತ್ತವೆಯೇ, ಒಲೆ ಹೂಡಿಕೊಳ್ಳಬಹುದೇ ಎಂದು.

ಅವಳು ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಅವಳಿಗೆ ಅರ್ಥವಾಗಿತ್ತು. "ಕಾಕೂ, ನನ್ನ ಮನೆಯ ಒಲೆ ಕೊಡುತ್ತಿದ್ದೆ, ಅದರ ಮೇಲೂ ಮೀನೇ ಬೇಯುವುದು" ಎಂದು ಮರಾಠಿಯಲ್ಲೇ ಸಂಕೋಚದಿಂದ ಹೇಳಿದಳು. ಆಮೇಲೆ ಏನೋ ಹೊಳೆದಂತೆ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಹಲಸಿನ ಮರದ ಕೆಳಗೆ ಕೆಂಪು ಕಲ್ಲಿನಲ್ಲಿ ಕಟ್ಟಿದ ಒಂದು ಒಲೆಯಿತ್ತು. ಅದು ಸ್ನಾನದ ನೀರು ಕಾಯಿಸುವ ಒಲೆ, ಅದರ ಮೇಲೆ ಎಂದೂ ನೀರಲ್ಲದೆ ಬೇರೇನೂ ಇಟ್ಟಿಲ್ಲ ಎಂದಳು.

ಅತ್ತೆಯ ಮುಖ ಅರಳಿತು. "ಇದಕಿಂತ ಚಲೋ ಒಲಿ ಯಾವದವಾ" ಎಂದು ಸೆರಗು ಸಿಕ್ಕಿಸಿದರು.

ಅಲ್ಲಿಂದ ಮುಂದಿನದನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಅರವತ್ತು ದಾಟಿದ, ಬೆಳಗಿನಿಂದ ಕಾರಿನಲ್ಲಿ ಕೂತು ಮೈ ನೊಂದ ಹೆಂಗಸು ಓಡಲಿಲ್ಲ, ಗಡಿಬಿಡಿ ಮಾಡಲಿಲ್ಲ. ಒಲೆಯನ್ನು ಗುಡಿಸಿ, ತಮ್ಮ ಹಗ್ಗ ಬಿಂದಿಗೆಯಿಂದ ಬಾವಿಯ ನೀರು ಸೇದಿ, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದರು. ಸೋಸಿದ ನೀರಿನಿಂದಲೇ ಆ ಬಟ್ಟೆಯನ್ನು ಜಾಲಿಸಿ, ಜಾಲಿಸಿದ ನೀರನ್ನು ಮೆಲ್ಲಗೆ ಬಾವಿಗೆ ಇಳಿಸಿದರು. ನೋಡುತ್ತ ನಿಂತಿದ್ದ ಹೆಂಗಸು ಅದು ಯಾಕೆ ಎಂದು ಕೇಳಿದಳು.

"ನೀರಿನ್ಯಾಗ ಸಣ್ಣ ಸಣ್ಣ ಜೀವ ಇರ್ತಾವು. ಅವು ತಮ್ಮ ಮನಿಗಿ ಹೋಗಬೇಕಲಾ" ಎಂದು ಅತ್ತೆ ಕನ್ನಡದಲ್ಲೇ ಹೇಳಿಬಿಟ್ಟರು. ನಾನು ಮರಾಠಿಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು.

ಕಟ್ಟಿಗೆಯ ವಿಷಯದಲ್ಲಿ ಅತ್ತೆ ಸೋತರು. ನಮ್ಮ ಕಡೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಉರಿಸಿದ ಕೈ ಅದು. ಅಲ್ಲಿ ಇದ್ದದ್ದು ತೆಂಗಿನ ಸಿಪ್ಪೆ ಮತ್ತು ಗರಿ. ಸಿಪ್ಪೆ ಬರೀ ಹೊಗೆ ಉಗುಳಿತು. ಆಗ ಆ ಹೆಂಗಸು ಪಕ್ಕದಲ್ಲಿ ಕೂತು, ಕೆಳಗೆ ಒಣ ಗರಿ, ಮೇಲೆ ಸಿಪ್ಪೆಯನ್ನು ನಾರು ಕೆಳಗಾಗಿ, ನಡುವೆ ಗಾಳಿಗೆ ಜಾಗ ಬಿಟ್ಟು ಜೋಡಿಸಿ ತೋರಿಸಿದಳು. ಉರಿ ಎದ್ದಿತು. ಅತ್ತೆ ಎಲ್ಲಕ್ಕಿಂತ ಮೇಲಿನ ಚೀಲ ಬಿಚ್ಚಿ ಅಕ್ಕಿ, ಬೇಳೆ ಹಾಕಿದರು. ಅದು ಕುದಿಯುವಷ್ಟರಲ್ಲಿ ಪರಾತದಲ್ಲಿ ಹಿಟ್ಟು ನಾದಿದರು. ನಾನು ಮರಗಳ ಸಂದಿಯಲ್ಲಿ ಕೆಂಪಾಗುತ್ತಿದ್ದ ಬೆಳಕನ್ನು ಮತ್ತೆ ಮತ್ತೆ ನೋಡುತ್ತಿದ್ದೆ.

"ಸೂರ್ಯಾನ ಕಡೆ ಯಾಕ ನೋಡ್ತೀ. ಅಂವ ತನ್ನ ಹೊತ್ತಿಗಿ ಹೋಗ್ತಾನ. ನೀ ಉರಿ ಕಡೆ ನೋಡು" ಎಂದರು.

ನಾಲ್ಕು ರೊಟ್ಟಿ ಬಡಿದರು. ಅನ್ನ ಬೇಳೆ ಮೆತ್ತಗೆ ಬೆಂದಿತ್ತು, ಮೇಲೆ ಜೀರಿಗೆ ತುಪ್ಪ. ಅಂಥ ಅವಸರದಲ್ಲೂ ಮೊದಲು ಮೊಮ್ಮಗಳ ತಾಟಿಗೆ ಬಡಿಸಿದರು, ಆಮೇಲೆ ಮಗನಿಗೆ, ನನಗೆ, ಕೊನೆಗೆ ತಮಗೆ. ಅವರು ಕೈತೊಳೆದು ಬಾಯಿ ಮುಕ್ಕಳಿಸಿ ಕೈಮುಗಿದಾಗ ತೆಂಗಿನ ಗರಿಗಳ ತುದಿಯಲ್ಲಿ ಇನ್ನೂ ಬಿಸಿಲಿತ್ತು.

"ಊಟಾ ಆತು. ಇನ್ನ ಸಮುದ್ರ ನೋಡೂನು ನಡೀರಿ" ಎಂದರು, ಏನೂ ನಡೆದೇ ಇಲ್ಲವೆಂಬಂತೆ.

ಮಬ್ಬುಬೆಳಕಿನಲ್ಲಿ ಅವರು ಮೊದಲ ಸಲ ಸಮುದ್ರ ಕಂಡರು. ದೂಧಗಂಗೆ, ಕೃಷ್ಣೆಗಳ ದಂಡೆಯಲ್ಲಿ ಬೆಳೆದ ಜೀವ. ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಮಗನನ್ನು ಕೇಳಿದರು: "ಇದಕ್ಕ ಆಚೀ ದಂಡಿ ಇಲ್ಲೇನೋ?" ಇದೆ, ಆದರೆ ಕಾಣುವುದಿಲ್ಲ ಎಂದರು ಯಜಮಾನರು. ಮೊಮ್ಮಗಳ ಕೈಹಿಡಿದು ಮೊಣಕಾಲವರೆಗೆ ನೀರಿಗಿಳಿದರು. ತೆರೆ ಬಂದು ಸೀರೆ ತೋಯ್ದಾಗ ಸಣ್ಣ ಹುಡುಗಿಯ ಹಾಗೆ ನಕ್ಕರು. ಆ ನಗು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮರುದಿನದಿಂದ ಹಲಸಿನ ಮರದ ಕೆಳಗೇ ನಮ್ಮ ಅಡುಗೆಮನೆ. ಬೆಳಿಗ್ಗೆ ರೊಟ್ಟಿ, ಕಡಲೆಹಿಟ್ಟಿನ ಜುಣಕ. ಮೂರರ ಹೊತ್ತಿಗೆ ಚುರುಮುರಿ ಒಗ್ಗರಣೆ ಹಾಕಿ ಡಬ್ಬಿಯಲ್ಲಿ ತುಂಬಿಕೊಂಡು ದಂಡೆಗೆ ಹೋಗುತ್ತಿದ್ದೆವು. ಮಗಳು ಕಟಕ ರೊಟ್ಟಿಗೆ ಕಾಕಂಬಿ ಸವರಿಕೊಂಡು ಮರಳಿನಲ್ಲಿ ಓಡಾಡುತ್ತ ತಿನ್ನುತ್ತಿದ್ದಳು. ಎರಡನೆಯ ದಿನ ನೋಡಿದರೆ ಆ ಹೆಂಗಸು ಹಿತ್ತಲಿನಲ್ಲಿ ಒಣಹಾಕಿದ್ದ ಮೀನನ್ನೆಲ್ಲ ತೆಗೆದು ತನ್ನ ಮನೆಯ ಆಚೆ ಬದಿಗೆ ಸಾಗಿಸಿದ್ದಳು. ನಾವು ಯಾರೂ ಹೇಳಿರಲಿಲ್ಲ. ಅತ್ತೆ ಅವಳನ್ನು ಕರೆದು, "ನಮ್ಮ ಸಲುವಾಗಿ ನಿನ್ನ ಕೆಲಸ ಕೆಡಿಸಿಕೊಳ್ಳಬೇಡ. ಬಿಸಿಲು ಈ ಕಡೆಯೇ ಚಲೋ ಇದೆ" ಎಂದು ಮರಾಠಿಯಲ್ಲಿ ಹೇಳಿದರು. ಅವಳು ಕೇಳಲಿಲ್ಲ.

ಅಂದೇ ಮಧ್ಯಾಹ್ನ ಅವಳು ಒಂದು ತಂಬಿಗೆ ಕೋಕಂ ಶರಬತ್ತು ತಂದಳು. ನಾನು ಮುಜುಗರಪಟ್ಟೆ, ಅತ್ತೆ ಬೇರೆಯವರ ನೀರು ಕುಡಿಯುವುದಿಲ್ಲ ಎಂದು ಹೇಗೆ ಹೇಳುವುದು. ಅತ್ತೆ ತಾವೇ ಹೇಳಿದರು, ಮುಚ್ಚುಮರೆ ಇಲ್ಲದೆ. ತಮ್ಮ ನೇಮ ಇಂಥದ್ದು, ಅದಕ್ಕೆ ಇದನ್ನು ಮಗ ಸೊಸೆ ಕುಡಿಯುತ್ತಾರೆ, ತಮಗೆ ಒಣಗಿದ ಕೋಕಂ ಸಿಪ್ಪೆ ನಾಲ್ಕು ಕೊಡು ಎಂದು. ಅವಳು ತಂದು ಕೊಟ್ಟ ಸಿಪ್ಪೆಯನ್ನು ತಾವು ಸೋಸಿದ ನೀರಿನಲ್ಲಿ ನೆನೆಹಾಕಿ, ಹಿಂಡಿ, ಬೆಲ್ಲ, ಜೀರಿಗೆ ಪುಡಿ ಹಾಕಿದರು. ಮೊದಲ ಲೋಟ ಅವಳ ಕೈಗೇ ಕೊಟ್ಟರು. ಅವಳು ಕುಡಿದು, ತನ್ನದಕ್ಕಿಂತ ಚೆನ್ನಾಗಿದೆ ಎಂದಳು. "ಸಿಪ್ಪಿ ನಿಂದ ಐತಲಾ" ಎಂದರು ಅತ್ತೆ. ಇಬ್ಬರೂ ಒಲೆಯ ಪಕ್ಕದಲ್ಲೇ ಕೂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಸಂಜೆಯವರೆಗೆ ಮಾತಾಡಿದರು. ನೇಮ ಎಂದರೆ ಜನರನ್ನು ದೂರ ಇಡುವುದು ಎಂದು ನಾನು ತಿಳಿದುಕೊಂಡಿದ್ದೆ. ಅಂದು ನನ್ನ ಆ ತಿಳುವಳಿಕೆ ತಪ್ಪಾಯಿತು.

ನಾಲ್ಕನೆಯ ದಿನ ನನಗೂ ಯಜಮಾನರಿಗೂ ಹೋಟೆಲಿನ ಊಟದ ಆಸೆಯಾಯಿತು. ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದೆವು. ಅತ್ತೆಗೆ ಹೇಗೋ ತಿಳಿಯಿತು. "ಹೋಗಿ ಉಂಡ ಬರ್ರಿ. ನೇಮ ನಂದು, ನಿಮ್ಮದೇನಲ್ಲ" ಎಂದರು. ಮಗಳನ್ನೂ ಕರೆದುಕೊಂಡು ಮೂವರೂ ಪೇಟೆಗೆ ಹೋಗಿ ಉಂಡು ಬಂದೆವು. ಬರುವಾಗ ನಾನು ಅವರ ಮುಖ ಹೇಗಿರುತ್ತದೋ ಎಂದು ಅಳುಕಿದ್ದೆ. ಅವರು ಚಾಪೆಯ ಮೇಲೆ ಕೂತು ಕಾಯುತ್ತಿದ್ದರು.

"ಏನೇನ ಇತ್ತು ಊಟಕ್ಕ? ಒಂದೊಂದ ಹೇಳು."

ಅಕ್ಕಿಯ ಭಾಕರಿ ಇತ್ತು, ಕಪ್ಪು ವಟಾಣಿಯ ಪಲ್ಯ ಬಹಳ ಚೆನ್ನಾಗಿತ್ತು, ತೆಂಗಿನಕಾಯಿ ಹುರಿದು ರುಬ್ಬಿ ಹಾಕಿದ್ದರು ಎಂದೆ. ಎಷ್ಟು ಹುರಿದಿದ್ದರು, ಬಣ್ಣ ಕೆಂಪೋ ಕರಿಯೋ, ಮೆಣಸು ಇತ್ತೋ ಲವಂಗ ಇತ್ತೋ ಎಂದು ಕೇಳಿಕೊಂಡರು. ಆ ಹೆಂಗಸಿನಿಂದ ವಟಾಣಿ ತರಿಸಿ ನೆನೆಹಾಕಿ, ಮರುದಿನ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದೆ ಅದೇ ಪಲ್ಯ ಮಾಡಿದರು. ತಾವು ರುಚಿಯೇ ನೋಡದ ಅಡುಗೆ. ಹೋಟೆಲಿನದಕ್ಕಿಂತ ಅದು ಚೆನ್ನಾಗಿತ್ತು ಎಂದರೆ ಹೊಗಳಿಕೆಗೆ ಹೇಳಿದಂತಾದೀತು. ಮಗಳು ಮೂರು ಸಲ ಹಾಕಿಸಿಕೊಂಡಳು ಎಂದಷ್ಟೇ ಹೇಳುತ್ತೇನೆ.

ಮುಂದಿನ ವರ್ಷ ಏಪ್ರಿಲ್ ತಿಂಗಳಲ್ಲಿ, ಪರೀಕ್ಷೆಯ ಪೇಪರು ತಿದ್ದುತ್ತಿದ್ದಾಗ, ಅತ್ತೆ ಬಂದು ಪಕ್ಕದಲ್ಲಿ ಕೂತರು. "ಸೂಟಿ ಯಾವಾಗಿಂದ? ವೆಂಗುರ್ಲಾದ ಆಕಿಗಿ ಫೋನ ಮಾಡಿ ಹೇಳ್ತೀಯೇನು, ನಾವ್ ಬರ್ತೇವಂತ?" ಎಂದರು. ಹೋದೆವು. ಅದರಾಚೆಯ ವರ್ಷಗಳಲ್ಲೂ ಹೋದೆವು. ಆರನೆಯ ಸಲ ಹೋಗುವಷ್ಟರಲ್ಲಿ ಅವರ ಮೊಣಕಾಲು ಸೋತಿದ್ದವು, ನೆಲದ ಒಲೆಯ ಮುಂದೆ ಕೂರಲಾಗುತ್ತಿರಲಿಲ್ಲ. ಆ ಹೆಂಗಸು ತನ್ನ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮರದ ಕೆಳಗೆ ಹಾಕಿದಳು. ಅತ್ತೆ ಅದರಲ್ಲಿ ಕೂತರು, ನಾನು ನೀರು ಸೋಸಿ, ರೊಟ್ಟಿ ಬಡಿದು, ಅನ್ನ ಬೇಳೆ ಬೇಯಿಸಿ ಅವರ ತಾಟಿಗೆ ಹಾಕಿದೆ. ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು.

"ಉಪ್ಪ ಒಂದೀಟ ಕಡಿಮಿ ಆಗೇತಿ" ಎಂದರು. ಆಮೇಲೆ ಇನ್ನೊಂದು ರೊಟ್ಟಿ ಹಾಕು ಎಂದು ತಾಟು ಮುಂದೆ ಸರಿಸಿದರು.