ಗುಡ್ಡಕ್ಕೊಂದು ಚರಗ
ಶನಿವಾರ ಬಂತೆಂದರೆ ಹೊಸಪೇಟೆಯ ಡ್ರಿಲ್ ಟೀಚರ್ ಪಂಪಾವತಿಯವರನ್ನು ಮನೆಯಲ್ಲಿ ಹಿಡಿದಿಡುವುದು ಯಾರಿಂದಲೂ ಆಗದ ಮಾತು. ಸೀರೆಗೆ ಕಚ್ಚೆ ಹಾಕಿ, ಕ್ಯಾನ್ವಾಸ್ ಬೂಟು ಬಿಗಿದು, ಗುಡಾರದ ತಾಡಪಾಲು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬೆನ್ನಿಗೇರಿಸಿ ಸಂಡೂರಿನ ಗುಡ್ಡಕ್ಕೆ ಹೊರಟೇ ಬಿಡುತ್ತಾರೆ. ಅದಿರಿನ ಲಾರಿಗಳ ಕೆಂಪು ಧೂಳು ಮೂಗಿಗಡರಿದರೂ ಕೆಮ್ಮುವುದಿಲ್ಲ. ಕೆಮ್ಮಿದರೆ ಸೋತಂತೆ ಎಂಬ ಹಟ. ದಾರಿಯಲ್ಲಿ ಗಣಿಯ ಕಾವಲುಗಾರ ದುರುಗೇಶ್ ಸೀಟಿ ಊದಿದರೆ, ಇವರು ತಮ್ಮ ಕೊರಳ ಸೀಟಿ ತೆಗೆದು ಇನ್ನೂ ಜೋರಾಗಿ ಊದುತ್ತಾರೆ. ಅವರ ಕೈಯಲ್ಲೇ ಡ್ರಿಲ್ ಕಲಿತ ಆ ಹುಡುಗ ತಟ್ಟನೆ ‘ಸಾವಧಾನ್’ ಭಂಗಿಯಲ್ಲಿ ನಿಂತುಬಿಡುತ್ತಾನೆ. “ಇದು ಕಂಪನಿ ಜಾಗ, ಇಲ್ಲಿ ಮಲಗಬ್ಯಾಡ್ರಿ ಮೇಡಂ” ಎಂದು ಗೋಗರೆದರೆ, “ನಿಮ್ಮ ಕಂಪನಿ ಬಂದಿದ್ದು ಮೊನ್ನೆ. ನಾನು ಲಂಗ ಹಾಕೋ ಕಾಲದಿಂದ ಇಲ್ಲೇ ಮಲಗಾಕಿ. ಸರಿ ಆಕಡಿ” ಎನ್ನುತ್ತಾರೆ. ಗುಡಾರ ಕಟ್ಟಿದ ಮೇಲೆ, ರೈತರು ಹೊಲಕ್ಕೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವಂತೆ, ಮೊದಲು ಒಂದು ಹಿಡಿ ರೊಟ್ಟಿ ಪುಡಿಮಾಡಿ ಎದುರಿನ ಗುಡ್ಡದತ್ತ ಚೆಲ್ಲಿಯೇ ತಾವು ಉಣ್ಣುವುದು. ಈಗ ಅಲ್ಲಿ ಗುಡ್ಡದ ನೆತ್ತಿಯಿಲ್ಲ, ಅಗೆದ ಹೊಂಡವಿದೆ. ಕಳೆದ ಶನಿವಾರ ಹಿಂದೆಯೇ ಬಂದು, “ಅಲ್ಲೇನೈತಿ ಅಂತ ಚೆಲ್ತೀರಿ ಮೇಡಂ?” ಎಂದ ದುರುಗೇಶನ ಅಂಗೈಗೂ ಒಂದಿಷ್ಟು ಸುರಿದರು. “ಅರ್ಧ ಮೈ ಹೋತು ಅಂದ್ರ ಆಕಿಗೆ ಹಸಿವು ಹೋತೇನು? ನೀನೂ ಚೆಲ್ಲು.”