ಮಾವ ಕರೆದ ಪಿಚ್ಚರ್

ಹಾಳೆಯಲ್ಲಿ ಬರೆದು ಫೋಟೊ ಹಾಕುತ್ತಿದ್ದೇನೆ. ಕೈಬರಹ, ಕಾಗುಣಿತ ಎರಡೂ ಸರಿಯಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನಾನು ಓದಿದ್ದು ಪ್ರೈಮರಿ ಮಾತ್ರ.

ನಿನ್ನೆ ಪಕ್ಕದ ಮನೆಯಲ್ಲಿ ಮೈದಾ ಅಂಟು ಕುದಿಸುವ ವಾಸನೆ ಬಂದು ಸೋದರಮಾವ ನೆನಪಾದರು. ನ್ಯಾಮತಿ ಟಾಕೀಸಿನ ಪೋಸ್ಟರ್ ಅಂಟಿಸುತ್ತಿದ್ದ ಅವರು ನಮ್ಮ ಒಲೆಯಲ್ಲೇ ಅಂಟು ಕುದಿಸುತ್ತಿದ್ದರು. ಯಾವ ಚಿತ್ರಕ್ಕೂ ಕರೆಯದವರು ಒಮ್ಮೆ ಅವ್ವನಿಗೆ ದುಂಬಾಲು ಬಿದ್ದರು.

"ಅಕ್ಕಾ, ಕಳೆದ ಚಪ್ಪಲಿ ಹುಡುಕೋ ಮುದುಕನ ಪಿಚ್ಚರ್ ಬಂದೈತೆ. ನಕ್ಕು ನಕ್ಕು ಸಾಕಾಗತೈತೆ, ಬಾ."

"ಚಪ್ಪಲಿ ನೋಡಾಕೆ ಟಿಕೀಟು ಬ್ಯಾರೆ ತಗೋಬೇಕೇನೋ?"

ನಾವ್ಯಾರೂ ಹೋಗಲಿಲ್ಲ. ಜನರೇ ಬಾರದೆ ಚಿತ್ರ ಎತ್ತಿದರು. ಅದರ ಪೋಸ್ಟರಿನ ಮೇಲೆ ಹೊಸದನ್ನು ಅಂಟಿಸುವಾಗ ಮಾವ ಮುದುಕನ ಮುಖ ಮುಚ್ಚಲಿಲ್ಲ. ಮತ್ತೆಂದೂ ಯಾರನ್ನೂ ಪಿಚ್ಚರಿಗೆ ಕರೆಯಲಿಲ್ಲ. ಈಗ ಮಾವ ಇಲ್ಲ.

ಇವತ್ತು ಬೆಳಗ್ಗೆ ಆ ಚಿತ್ರ ಮೊಬೈಲಿನಲ್ಲಿ ಸಿಕ್ಕಿತು. ಅವ್ವ ಬಿದ್ದು ಬಿದ್ದು ನಕ್ಕಳು. ಮುಗಿದ ಮೇಲೆ, "ಅವನ ಸಂಗಡ ಹೋಗಬೇಕಿತ್ತು ಕಣೇ. ಇನ್ನೊಂದ್ಸಲ ಹಾಕು" ಎಂದಳು.

ಹಾಕಿದೆ.